ಮೊನ್ನೆ ಅಂದರೆ ಯಾವತ್ತು

ಬೈತಖೋಲದ ಐಸ್ ಫ್ಯಾಕ್ಟರಿಯ ಮೇಲೊಂದು ಕೋಣೆ.
ಕೆಳಗೆ ಐಸು ಪುಡಿಯಾದಾಗಲೆಲ್ಲ
ಮೇಜಿನ ಮೇಲಿನ ಚಹಾ ಸಣ್ಣಗೆ ನಡುಗುತ್ತದೆ.
ಏನು ಕೆಲಸ ಎಂದು ಕೇಳಿದವರಿಗೆ ಹೇಳುವುದು ಕಷ್ಟ:
ಬಂದರನ್ನೇ ಕಾಣದ ಒಂದು ಏಜೆಂಟಿಗೆ
ಅದರ ಹತಾರಗಳ ಮೇಲೆ ಚೀಟಿ ಅಂಟಿಸುತ್ತೇನೆ.
ಇದು ಏನು ಮಾಡುತ್ತದೆ, ಯಾವಾಗ ಎತ್ತಿಕೊಳ್ಳಬೇಕು.
ಚೀಟಿಯಲ್ಲಿ ಇದ್ದದ್ದಷ್ಟೇ ಅದಕ್ಕೆ ಗೊತ್ತು.
ಇಲ್ಲದ್ದನ್ನು ತಾನೇ ಊಹಿಸಿಕೊಳ್ಳುತ್ತದೆ, ಹೊಸ ಸೊಸೆಯ ಹಾಗೆ.

ಮೀನುಗಾರರ ಸಂಘಕ್ಕೆ ಬೇಕಾದದ್ದು ಇಷ್ಟು:
ಅಂಕೋಲೆಯಿಂದ ಮಾಜಾಳಿಯ ತನಕ
ಯಾರು ಏನು ಪೋಸ್ಟ್ ಹಾಕಿದರು,
ಗಾಳಿ, ದರ, ಹರಿದ ಬಲೆ, ಕೆಟ್ಟ ಇಂಜಿನ್,
ಹೆಕ್ಕಿ ತಂದು ನಸುಕಿನ ನಾಲ್ಕಕ್ಕೆ
ದಕ್ಕೆಯ ಮೈಕಿನಲ್ಲಿ ಓದಬೇಕು.

ಹುಡುಕುವ ಹತಾರಕ್ಕೆ ನಾನು ಬರೆದಿದ್ದೆ:
‘ಇತ್ತೀಚಿನ ಪೋಸ್ಟುಗಳನ್ನು ತರುತ್ತದೆ.’
ಮೂರೇ ಪದ. ಚೊಕ್ಕವಾಗಿದೆ ಅಂದುಕೊಂಡೆ.

ಕಾರ್ತಿಕದ ಒಂದು ನಸುಕಿಗೆ ಅದು ತಂದಿತು:
ದೇವಗಡದ ಆಚೆ ಬೋಟು ಮುಳುಗಿದೆ, ಐವರು ಸಿಕ್ಕಿಲ್ಲ.
ಚಿತ್ರದಲ್ಲಿ ನೀಲಿ ಬೋಟು, ಹಳದಿ ಪಟ್ಟಿ.
ಚಂದ್ರಹಾಸ ತಾಂಡೇಲರದ್ದೂ ನೀಲಿ. ಪಟ್ಟಿ ಹಳದಿ.
ಅವರು ರಾತ್ರಿಯೇ ಹೋದವರು.

ಹೆಂಡತಿ ಸುಲಕ್ಷಾ ದಕ್ಕೆಗೆ ಬಂದಾಗ
ಕಾಲಲ್ಲಿ ಒಂದಕ್ಕೊಂದು ಹೊಂದದ ಚಪ್ಪಲಿ.
ಅಳಲಿಲ್ಲ. ಬೋಟಿನವರ ಎದುರು ಒಬ್ಬೊಬ್ಬರಾಗಿ ನಿಂತು
ಡೀಸೆಲ್ ಇದೆಯಾ, ಡೀಸೆಲ್ ಇದೆಯಾ ಎಂದು ಕೇಳಿದಳು.
ಎಂಟೂವರೆಗೆ ತಾಂಡೇಲರು ಬಂದರು, ಬುಟ್ಟಿ ತುಂಬ ಬಂಗಡೆ.
ಜನ ಯಾಕೆ ಹೀಗೆ ನೋಡುತ್ತಿದ್ದಾರೆಂದು ತಿಳಿಯದೆ
ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡರು.

ಪೋಸ್ಟು ಮೂರು ವರ್ಷದ ಹಳೆಯದು.
ಹಿಂದಿನ ರಾತ್ರಿ ಯಾರೋ ಮತ್ತೆ ಹಂಚಿದ್ದರು,
ಹೋದ ಅಣ್ಣನ ವರ್ಷಾಂತಕ್ಕೆ.
ಏಜೆಂಟು ಸುಳ್ಳು ಹೇಳಿರಲಿಲ್ಲ.
ಹಂಚಿದ್ದು ಇತ್ತೀಚೆಗೇ.

ಸಂಜೆ ಸುಲಕ್ಷಾ ಮೆಟ್ಟಿಲು ಹತ್ತಿ ಬಂದಳು.
ಬಯ್ಯಲಿಕ್ಕೆ ಅಂದುಕೊಂಡೆ.
‘ಏನು ಬರೆದಿದ್ದೆ, ಓದು.’
ಓದಿದೆ.
‘ಇತ್ತೀಚಿನ ಅಂದರೆ?’
ಮೊನ್ನೆ ಮೊನ್ನೆಯದು, ಅಂದೆ.
‘ನಮ್ಮತ್ತೆಗೆ ಕಾಳಿ ಸೇತುವೆ ಕಟ್ಟಿದ್ದೂ ಮೊನ್ನೆ,
ಬಿದ್ದದ್ದೂ ಮೊನ್ನೆ.’

ಅವಳು ಮೀನು ಮಾರುವವಳು.
ಬುಟ್ಟಿಯ ಎದುರು ಯಾರೇ ಕೂತರೂ, ಕೇಳುವ ಮೊದಲೇ,
ಇದು ಇವತ್ತಿನದು, ಇದು ನಿನ್ನೆ ಐಸಿನದು,
ಇದು ಸಾರಿಗಾಗದು, ಹುರಿಯಲಿಕ್ಕೆ ಒಯ್ಯಿ ಅನ್ನುತ್ತಾಳೆ.
ಯಾವುದಕ್ಕೆ ಆಗದು ಎಂಬುದನ್ನು
ನಾನು ಎಲ್ಲಿಯೂ ಬರೆದಿರಲಿಲ್ಲ.

ಆ ರಾತ್ರಿ ಮೂರು ಪದ ಹದಿನೇಳು ಸಾಲಾಯಿತು.
ಮೊದಲು ಬರೆದ ದಿನ ಬೇರೆ, ಹಂಚಿದ ದಿನ ಬೇರೆ;
ಎರಡೂ ಬರುತ್ತವೆ, ಎರಡನ್ನೂ ಹೇಳು.
ಬಂಗಡೆ ಎಂದು ಹುಡುಕಿದರೆ ಬಾಂಗಡೊ ಸಿಗದು,
ಎರಡು ಹೆಸರಲ್ಲೂ ಕೂಗು.
ಒಂದು ಬೋಟು ಈಗ ಎಲ್ಲಿದೆ ಎಂದು ತಿಳಿಯಲು
ಇದನ್ನು ಬಳಸಬೇಡ.
ಏನೂ ಬಾರದಿದ್ದರೆ
ಯಾರೂ ಬರೆದಿಲ್ಲ ಎಂದಷ್ಟೇ ಅರ್ಥ,
ಎಲ್ಲರೂ ಕ್ಷೇಮ ಎಂದಲ್ಲ.

ಇಷ್ಟು ಬರೆದು ಬಹಳ ಹೊತ್ತು ಕೂತೆ. ಚಹಾ ಆರಿತ್ತು.
ಹಂಚಿದ ಆ ತಮ್ಮ ಒಂದೇ ಒಂದು ಮಾತು ಸೇರಿಸಿದ್ದ: ‘ಅಣ್ಣ.’
ತಾರೀಖು ಹಾಕಿರಲಿಲ್ಲ.
ಅವನಿಗೆ ಅದು ಯಾವ ದಿನದ ಸುದ್ದಿ
ಎಂಬುದಕ್ಕೂ ಒಂದು ಸಾಲು ಬರೆದೆ,
ಅಳಿಸಿದೆ.

ಮರುದಿನ ನಾಲ್ಕಕ್ಕೆ ಮೈಕು ಓದಿತು:
ಗಾಳಿ ಸಾಧಾರಣ, ಹೀಗೆಂದು ಬರೆದದ್ದು ರಾತ್ರಿ ಹನ್ನೊಂದಕ್ಕೆ.
ಶೆಟ್ಲಿ ಕಿಲೋಗೆ ಇನ್ನೂರ ಎಂಬತ್ತು, ನಿನ್ನೆ ಸಂಜೆಯ ದರ.
ಬೋಟುಗಳ ಬಗ್ಗೆ ಯಾರೂ ಬರೆದಿಲ್ಲ.

ದಕ್ಕೆಯ ಮೇಲಿದ್ದ ನಾಲ್ಕಾರು ಮಂದಿ
ಮೈಕಿಗೆ ಬೆನ್ನು ಹಾಕಿ
ಕಡಲಿನ ಕಡೆ ನೋಡಿದರು.